ಹನ್ನೆರಡು ವರ್ಷ ಕಾಯಬೇಕೆಂದು ಹೇಳಿದ್ದು ಯಾರು?

1952ರ ಅಕ್ಟೋಬರ್‌ನಲ್ಲಿ ‘ದಿ ಅಬ್ಸರ್ವೇಟರಿ’ ಎಂಬ ಬ್ರಿಟಿಷ್ ನಿಯತಕಾಲಿಕದಲ್ಲಿ ಎರಡು ಪುಟದ ಒಂದು ಟಿಪ್ಪಣಿ ಅಚ್ಚಾಯಿತು. ಬರೆದವರು ಆಟೊ ಸ್ಟ್ರೂವ. ಖಾರ್ಕಿವ್‌ನಲ್ಲಿ ಹುಟ್ಟಿ, ಅಂತರ್ಯುದ್ಧದ ಕಾಲದಲ್ಲಿ ಊರು ಬಿಟ್ಟು, ಅಮೆರಿಕ ಸೇರಿ ಅಲ್ಲಿನ ದೊಡ್ಡ ವೀಕ್ಷಣಾಲಯಗಳನ್ನು ನಡೆಸಿದವರು. ಮುತ್ತಾತನಿಂದ ಹಿಡಿದು ನಾಲ್ಕು ತಲೆಮಾರು ನಕ್ಷತ್ರ ನೋಡುವುದನ್ನೇ ಕಸುಬಾಗಿಸಿಕೊಂಡ ಮನೆತನ ಅವರದು. ಟಿಪ್ಪಣಿಯ ಸಾರ ಇಷ್ಟು: ಗುರುವಿನಷ್ಟು ತೂಕದ ಗ್ರಹವೊಂದು ತನ್ನ ನಕ್ಷತ್ರಕ್ಕೆ ಅಂಟಿಕೊಂಡಂತೆ, ಭೂಮಿಗೂ ಸೂರ್ಯನಿಗೂ ಇರುವ ದೂರದ ಐವತ್ತನೆಯ ಒಂದು ಪಾಲಿನಲ್ಲೇ ಸುತ್ತುತ್ತಿರಬಾರದೇಕೆ? ಹಾಗಿದ್ದರೆ ಅದು ಒಂದೇ ದಿನದಲ್ಲಿ ಒಂದು ಸುತ್ತು ಮುಗಿಸುತ್ತದೆ. ಅದರ ಸೆಳೆತಕ್ಕೆ ನಕ್ಷತ್ರ ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ಅತ್ತಿತ್ತ ತೂಗುತ್ತದೆ. ಆಗಿನ ಅತ್ಯುತ್ತಮ ರೋಹಿತದರ್ಶಕಕ್ಕೆ ಅದು ಕಷ್ಟಪಟ್ಟರೆ ಎಟುಕುವ ಅಳತೆ. ಗ್ರಹ ಹತ್ತು ಪಟ್ಟು ತೂಕದ್ದಾದರೆ ಅಳೆಯುವುದು ಸಲೀಸು. ಗ್ರಹ ನಕ್ಷತ್ರದ ಮುಂದೆ ಹಾದುಹೋದರೆ ಬೆಳಕು ಕುಗ್ಗುವುದನ್ನೂ ಅಳೆಯಬಹುದು ಎಂದೂ ಅವರು ಬರೆದಿದ್ದರು.

ಈ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸ್ಟ್ರೂವ 1963ರಲ್ಲಿ ತೀರಿಕೊಂಡರು. ಅವರು ಹೇಳಿದಂಥದೇ ಒಂದು ಗ್ರಹ ಸಿಕ್ಕಿದ್ದು 1995ರಲ್ಲಿ, 43 ವರ್ಷಗಳ ಮೇಲೆ.

ಇಷ್ಟು ತಡವಾದದ್ದೇಕೆ ಎಂದರೆ ಉಪಕರಣ ಇರಲಿಲ್ಲ, ಕಂಪ್ಯೂಟರ್ ಇರಲಿಲ್ಲ ಎಂಬ ಉತ್ತರ ಬರುತ್ತದೆ. ಅದರಲ್ಲಿ ಸತ್ಯವಿದೆ, ಆದರೆ ಪೂರ್ತಿ ಸತ್ಯವಿಲ್ಲ. ಹುಡುಕುತ್ತಿದ್ದವರ ಮನಸ್ಸಿನಲ್ಲಿದ್ದದ್ದು ನಮ್ಮದೇ ಸೌರಮಂಡಲದ ಪಡಿಯಚ್ಚು. ದೊಡ್ಡ ಗ್ರಹವೆಂದರೆ ಗುರು. ಗುರು ಇರುವುದು ದೂರದಲ್ಲಿ. ಒಂದು ಸುತ್ತಿಗೆ ಸುಮಾರು 12 ವರ್ಷ ಬೇಕು. ಆದ್ದರಿಂದ ಇನ್ನೊಂದು ನಕ್ಷತ್ರದ ಗ್ರಹ ಕಾಣಬೇಕಾದರೆ ಕನಿಷ್ಠ 12 ವರ್ಷ ಕಾಯಲೇಬೇಕು. ಯಾರೂ ಅಳೆದು ಖಚಿತಪಡಿಸದ ಈ ತೀರ್ಮಾನ ಹಲವು ದಶಕ ನಿಯಮದಂತೆ ನಡೆಯಿತು. ಉಪಕರಣಗಳ ಕೊರತೆಯಷ್ಟೇ ಹಾನಿಯನ್ನು ಈ ನಂಬಿಕೆಯೂ ಮಾಡಿತು ಎಂಬುದು ನನ್ನ ವಾದ. ಅದೇ ಬಗೆಯ ನಂಬಿಕೆ ಇವತ್ತು ಬೇರೆ ರೂಪದಲ್ಲಿ ನಮ್ಮ ನಡುವೆ ಇದೆ ಎಂಬ ಕಾರಣಕ್ಕೆ ಈ ಹಳೆಯ ಕಥೆಯನ್ನು ಬಿಡಿಸಿ ನೋಡಬೇಕು.

ಅಳತೆಯ ಕಷ್ಟವೇನೂ ಸಣ್ಣದಲ್ಲ. ಗ್ರಹ ನಕ್ಷತ್ರವನ್ನು ಸುತ್ತುತ್ತದೆ ಎನ್ನುತ್ತೇವೆ. ನಿಜದಲ್ಲಿ ಎರಡೂ ಸೇರಿ ತಮ್ಮ ನಡುವಿನ ಗುರುತ್ವಕೇಂದ್ರವನ್ನು ಸುತ್ತುತ್ತವೆ. ಗುರುವಿನ ಸೆಳೆತದಿಂದ ಸೂರ್ಯ ಚಲಿಸುವ ವೇಗ ಸೆಕೆಂಡಿಗೆ 12.5 ಮೀಟರ್. ನಗರದ ಬಸ್ಸಿನ ವೇಗ ಅದು. ಭೂಮಿಯ ಸೆಳೆತದ್ದು ಸೆಕೆಂಡಿಗೆ 9 ಸೆಂಟಿಮೀಟರ್ ಮಾತ್ರ. ನಕ್ಷತ್ರ ನಮ್ಮತ್ತ ಬಂದಾಗ ಅದರ ರೋಹಿತದ ಕಪ್ಪು ಗೆರೆಗಳು ನೀಲಿಯ ಕಡೆಗೆ, ದೂರ ಸರಿದಾಗ ಕೆಂಪಿನ ಕಡೆಗೆ ಕೂದಲೆಳೆಯಷ್ಟು ಜರುಗುತ್ತವೆ. ಬಸ್ಸಿನ ವೇಗಕ್ಕೆ ಆಗುವ ಜರುಗುವಿಕೆ ಕ್ಯಾಮೆರಾದ ಒಂದು ಪಿಕ್ಸೆಲಿನ ನೂರನೆಯ ಒಂದು ಭಾಗದ ಆಸುಪಾಸಿನದು. ಕೋಣೆಯ ಉಷ್ಣತೆ ಸ್ವಲ್ಪ ಏರಿದರೂ, ಗಾಳಿಯ ಒತ್ತಡ ಸ್ವಲ್ಪ ಇಳಿದರೂ ಉಪಕರಣವೇ ಅದಕ್ಕಿಂತ ಹೆಚ್ಚು ಕದಲುತ್ತದೆ. ಇಂಥ ಕಡೆ ಮನುಷ್ಯನಿಗೆ ತಾನು ಕಾಣಬೇಕೆಂದಿದ್ದು ಕಾಣಿಸಿಬಿಡುವ ಅಪಾಯ ಬಹಳ.

ಪೀಟರ್ ವಾನ್ ಡೆ ಕ್ಯಾಂಪ್ ಅವರಿಗೆ ಆದದ್ದು ಹಾಗೆ. ನೆದರ್ಲೆಂಡ್ಸ್ ಮೂಲದ ಈ ವಿಜ್ಞಾನಿ ಅಮೆರಿಕದ ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್ ಕಾಲೇಜಿನ ಸ್ಪ್ರೌಲ್ ವೀಕ್ಷಣಾಲಯದ ನಿರ್ದೇಶಕರಾಗಿದ್ದರು. ನಮ್ಮಿಂದ 6 ಜ್ಯೋತಿರ್ವರ್ಷ ದೂರದ ಬರ್ನಾರ್ಡ್ ನಕ್ಷತ್ರವನ್ನು 1938ರಿಂದ ಎಡೆಬಿಡದೆ ಛಾಯಾಫಲಕಗಳ ಮೇಲೆ ಹಿಡಿದರು. ರೋಹಿತದ ದಾರಿ ಅವರದಲ್ಲ. ಆಕಾಶದಲ್ಲಿ ನಕ್ಷತ್ರದ ಸ್ಥಾನವೇ ವರ್ಷದಿಂದ ವರ್ಷಕ್ಕೆ ಎಷ್ಟು ಬಳುಕುತ್ತದೆಂದು ಫಲಕಗಳಿಂದ ಅಳೆಯುವುದು ಅವರ ವಿಧಾನ. 1963ರಲ್ಲಿ ಅವರು ಘೋಷಿಸಿದರು: ಬರ್ನಾರ್ಡ್ ನಕ್ಷತ್ರಕ್ಕೆ ಗುರುವಿಗಿಂತ ತುಸು ದೊಡ್ಡದಾದ ಗ್ರಹವಿದೆ, ಅದರ ಸುತ್ತಿಗೆ 24 ವರ್ಷ ಬೇಕು. ಪಠ್ಯಪುಸ್ತಕಗಳೂ ಅದನ್ನು ಒಪ್ಪಿದವು. 1969ರಲ್ಲಿ ಅದೇ ದತ್ತಾಂಶದಿಂದ ಎರಡು ಗ್ರಹಗಳಾದವು.

1973ರಲ್ಲಿ ಜಾರ್ಜ್ ಗೇಟ್‌ವುಡ್ ಮತ್ತು ಹೈನ್ರಿಕ್ ಐಕಾರ್ನ್ ಬೇರೆ ದೂರದರ್ಶಕಗಳ ಫಲಕಗಳನ್ನು ಅಳೆದು ನೋಡಿದರು. ಬಳುಕಾಟ ಕಾಣಲಿಲ್ಲ. ಅದೇ ವರ್ಷ ಸ್ಪ್ರೌಲ್ ವೀಕ್ಷಣಾಲಯದವರೇ ಆದ ಜಾನ್ ಹರ್ಷಿ ಇನ್ನೊಂದು ನಕ್ಷತ್ರದ ಫಲಕಗಳನ್ನು ಪರಿಶೀಲಿಸಿದಾಗ ಅದೂ ಅದೇ ವರ್ಷಗಳಲ್ಲಿ ಜಿಗಿದಂತೆ ಕಂಡಿತು, 1949ರಲ್ಲೊಮ್ಮೆ, 1957ರಲ್ಲೊಮ್ಮೆ. ಎರಡು ಬೇರೆ ಬೇರೆ ನಕ್ಷತ್ರಗಳು ಒಂದೇ ವರ್ಷ ಜಿಗಿಯಲಾರವು. 1949ರಲ್ಲಿ ದೂರದರ್ಶಕದ ಮಸೂರಕ್ಕೆ ಹೊಸ ಚೌಕಟ್ಟು ಹಾಕಿದ್ದರು; 1957ರಲ್ಲಿ ಮಸೂರವನ್ನು ಮತ್ತೆ ಹೊಂದಿಸಿದ್ದರು. ಜಿಗಿದದ್ದು ಗಾಜು. ವಾನ್ ಡೆ ಕ್ಯಾಂಪ್ ಇದನ್ನು ಕೊನೆಯವರೆಗೂ ಒಪ್ಪಲಿಲ್ಲ. 1995ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಅವರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಮೂವತ್ತೈದು ವರ್ಷ ಒಂದೇ ನಕ್ಷತ್ರವನ್ನು ಕಾದವರನ್ನು ಹಗುರವಾಗಿ ಕಾಣುವ ಹಾಗಿಲ್ಲ. ಆದರೆ ಒಂದೇ ದೂರದರ್ಶಕ, ಒಂದೇ ತಂಡ, ಒಂದೇ ವಿಧಾನ ಕೊಟ್ಟ ಸಾಕ್ಷ್ಯವನ್ನು ಇನ್ನೊಂದು ಕಡೆಯಿಂದ ಪರೀಕ್ಷಿಸುವ ಮೊದಲೇ ಜಗತ್ತು ನಂಬಿದ್ದು ದೊಡ್ಡ ಹಾನಿ ಮಾಡಿತು. ಗ್ರಹ ಹುಡುಕುವುದೆಂದರೆ ಮರ್ಯಾದಸ್ಥರು ಕೈ ಹಾಕದ ಕೆಲಸ ಎಂಬ ಹೆಸರು ಆ ಕ್ಷೇತ್ರಕ್ಕೆ ಅಂಟಿತು.

ಆ ಹೆಸರಿನ ಹೊರೆ ಹೊತ್ತವರು ಕೆನಡಾದ ಗಾರ್ಡನ್ ವಾಕರ್ ಮತ್ತು ಬ್ರೂಸ್ ಕ್ಯಾಂಪ್‌ಬೆಲ್. ಈ ಇಬ್ಬರ ಬಗ್ಗೆ ಬರೆಯುವಷ್ಟು ಬರೆದಿಲ್ಲ ಎಂಬುದು ನನ್ನ ದೂರು. ಉಪಕರಣ ಕದಲಿದ್ದೋ ನಕ್ಷತ್ರ ಕದಲಿದ್ದೋ ಎಂದು ಬಿಡಿಸುವ ಉಪಾಯ ಅವರು ಕಂಡುಹಿಡಿದರು: ನಕ್ಷತ್ರದ ಬೆಳಕನ್ನು ಹೈಡ್ರೋಜನ್ ಫ್ಲೋರೈಡ್ ಅನಿಲ ತುಂಬಿದ ಕೊಳವೆಯ ಮೂಲಕ ಹಾಯಿಸುವುದು. ಅನಿಲದ ಗೆರೆಗಳು ನಕ್ಷತ್ರದ ಗೆರೆಗಳ ಪಕ್ಕದಲ್ಲೇ ಮೂಡುತ್ತವೆ. ಅವು ಅಳತೆಪಟ್ಟಿಯ ಗೀಟುಗಳಾಗುತ್ತವೆ. ಉಪಕರಣ ಕದಲಿದರೆ ಎರಡೂ ಒಟ್ಟಿಗೆ ಕದಲುತ್ತವೆ, ನಕ್ಷತ್ರ ಕದಲಿದರೆ ಅದರದಷ್ಟೇ. ಹೈಡ್ರೋಜನ್ ಫ್ಲೋರೈಡ್ ಎಂದರೆ ಗಾಜನ್ನೇ ತಿನ್ನುವ, ಉಸಿರಿಗೆ ಹೋದರೆ ಶ್ವಾಸಕೋಶ ಸುಡುವ ವಿಷ. ಆ ಅನಿಲವನ್ನು ಹವಾಯಿಯ ಮೌನಾ ಕೇಯಾ ಶಿಖರಕ್ಕೆ, 4,200 ಮೀಟರ್ ಎತ್ತರಕ್ಕೆ ಒಯ್ದು, ಸುಮಾರು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿಟ್ಟು, ವಾಯು ತೆಳ್ಳಗಿರುವ ಆ ಗುಮ್ಮಟದ ಕೆಳಗೆ ರಾತ್ರಿಯಿಡೀ ಅದರ ಜತೆ ಕೆಲಸ ಮಾಡಬೇಕು. 1980ರಿಂದ 12 ವರ್ಷ ಅವರು ಇದನ್ನು ಮಾಡಿದರು. ಸಿಕ್ಕ ನಿಖರತೆ ಸೆಕೆಂಡಿಗೆ ಸುಮಾರು 13 ಮೀಟರ್. ಅದುವರೆಗೆ ಯಾರಿಗೂ ಸಾಧ್ಯವಾಗದ್ದು.

1988ರಲ್ಲಿ ಗಾಮಾ ಸೆಫಿ ಎಂಬ ನಕ್ಷತ್ರದಲ್ಲಿ ಅವರಿಗೆ ಒಂದು ಸುಳಿವು ಕಂಡಿತು. ನಾಲ್ಕು ವರ್ಷಗಳ ಮೇಲೆ, ಅದು ನಕ್ಷತ್ರದ ಸ್ವಂತ ಮೈಯ ಏರುಪೇರು ಇರಬಹುದೆಂಬ ಅನುಮಾನ ಬಂದು ತಾವೇ ಹಿಂತೆಗೆದುಕೊಂಡರು. ಕ್ಯಾಂಪ್‌ಬೆಲ್‌ಗೆ ಖಾಯಂ ಕೆಲಸವೇ ಸಿಗಲಿಲ್ಲ. 1991ರಲ್ಲಿ ಖಗೋಳವಿಜ್ಞಾನ ಬಿಟ್ಟು ಹೊರಟುಹೋದರು. 1995ರ ಆಗಸ್ಟ್‌ನಲ್ಲಿ ‘ಇಕಾರಸ್’ ಪತ್ರಿಕೆಯಲ್ಲಿ ಈ ತಂಡದ ಅಂತಿಮ ವರದಿ ಬಂತು: 21 ನಕ್ಷತ್ರಗಳನ್ನು ನೋಡಿದೆವು, ಗುರುವಿನಂಥ ಗ್ರಹ ಒಂದೂ ಕಾಣಲಿಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ, ಗ್ರಹ ಸಿಕ್ಕಿತೆಂಬ ಸ್ವಿಟ್ಜರ್ಲೆಂಡಿನವರ ಘೋಷಣೆ ಬಂತು. ಗಾಮಾ ಸೆಫಿಯ ಗ್ರಹ 2003ರಲ್ಲಿ ಖಚಿತವಾಯಿತು. ವಾಕರ್ ತಂಡಕ್ಕೆ ಕಂಡ ಸುಳಿವು ನಿಜವೇ ಆಗಿತ್ತು.

ಇಲ್ಲಿ ಪಲ್ಸಾರ್‌ಗಳ, ಅಂದರೆ ಮಿಡಿತ ಕಳಿಸುತ್ತಿರುವ ಸತ್ತ ನಕ್ಷತ್ರಗಳ ಕಥೆಯನ್ನೂ ಹೇಳಬೇಕು, ಏಕೆಂದರೆ ಮೊದಲ ಖಚಿತ ಹೊರಗ್ರಹಗಳು ಸಿಕ್ಕಿದ್ದು ಯಾರೂ ಎಣಿಸದ ಜಾಗದಲ್ಲಿ. 1991ರ ಜುಲೈನಲ್ಲಿ ಇಂಗ್ಲೆಂಡಿನ ಜಾಡ್ರೆಲ್ ಬ್ಯಾಂಕಿನ ಆಂಡ್ರ್ಯೂ ಲೈನ್ ತಂಡ ಒಂದು ಪಲ್ಸಾರ್‌ಗೆ ಆರು ತಿಂಗಳಲ್ಲಿ ಸುತ್ತುವ ಗ್ರಹವಿದೆಯೆಂದು ಪ್ರಕಟಿಸಿತು. ಆರು ತಿಂಗಳು ಎಂದರೆ ನಮ್ಮ ವರ್ಷದ ಸರಿ ಅರ್ಧ. ಅದೇ ಸಂಶಯಕ್ಕೆ ಕಾರಣ. ಭೂಮಿಯ ಕಕ್ಷೆ ತುಸು ಅಂಡಾಕಾರ ಎಂಬುದನ್ನು ಲೆಕ್ಕದಲ್ಲಿ ಸರಿಯಾಗಿ ಕಳೆದಿರಲಿಲ್ಲ. 1992ರ ಜನವರಿಯಲ್ಲಿ ಅಟ್ಲಾಂಟಾದ ಸಮ್ಮೇಳನದಲ್ಲಿ, ತುಂಬಿದ ಸಭೆಯ ಎದುರು ಲೈನ್ ಎದ್ದುನಿಂತು, ಗ್ರಹವಿಲ್ಲ, ತಪ್ಪು ತಮ್ಮದು ಎಂದರು. ಸಭೆ ದೀರ್ಘ ಕಾಲ ಚಪ್ಪಾಳೆ ತಟ್ಟಿತು. ಅವರ ನಂತರ ಮಾತಾಡಲು ನಿಂತವರು ಪೋಲೆಂಡ್ ಮೂಲದ ಅಲೆಕ್ಸಾಂಡರ್ ವೋಲ್ಶ್‌ಚಾನ್. ಅವರೂ ಡೇಲ್ ಫ್ರೇಲ್ ಅವರೂ ಇನ್ನೊಂದು ಪಲ್ಸಾರ್‌ನ ಸುತ್ತ 66 ಮತ್ತು 98 ದಿನಗಳಲ್ಲಿ ಸುತ್ತುವ ಎರಡು ಗ್ರಹಗಳನ್ನು ಕಂಡಿದ್ದರು. ಅಂಥ ಸಭೆಯಲ್ಲಿ ಆ ಗಳಿಗೆಯಲ್ಲಿ ಗ್ರಹವಿದೆ ಎನ್ನಲು ಎದೆ ಬೇಕು. ಆ ಎರಡು ಗ್ರಹಗಳು ಒಂದನ್ನೊಂದು ಎಳೆದಾಡಿ ಕಾಲಕ್ರಮದಲ್ಲಿ ಇಂಥದೇ ವ್ಯತ್ಯಾಸ ತೋರಬೇಕೆಂಬ ಲೆಕ್ಕ 1994ರಲ್ಲಿ ತಾಳೆಯಾಯಿತು. ಅದಾದ ಮೇಲೆ ಅನುಮಾನಕ್ಕೆ ಎಡೆ ಉಳಿಯಲಿಲ್ಲ. ಆದರೂ ಸತ್ತ ನಕ್ಷತ್ರದ ಗ್ರಹಗಳೆಂದು ಬಹುಮಂದಿ ಅವನ್ನು ಬದಿಗಿಟ್ಟರು. ಎಲ್ಲರಿಗೂ ಬೇಕಾಗಿದ್ದದ್ದು ಸೂರ್ಯನಂಥ ನಕ್ಷತ್ರ.

ಅದನ್ನು ಕೊಟ್ಟವರು ಜಿನೀವಾದ ಮಿಶೆಲ್ ಮೇಯರ್ ಮತ್ತು ಅವರ ಸಂಶೋಧನಾ ವಿದ್ಯಾರ್ಥಿ ಡಿಡಿಯೆ ಕೆಲೋ. ದಕ್ಷಿಣ ಫ್ರಾನ್ಸಿನ ಓತ್ ಪ್ರೊವಾನ್ಸ್ ವೀಕ್ಷಣಾಲಯದ 1.93 ಮೀಟರ್ ದೂರದರ್ಶಕಕ್ಕೆ ಜೋಡಿಸಿದ ‘ಎಲೊಡಿ’ ಎಂಬ ರೋಹಿತದರ್ಶಕ ಅವರ ಕೈಯಲ್ಲಿತ್ತು. 1994ರಲ್ಲಿ 142 ನಕ್ಷತ್ರಗಳ ಪಟ್ಟಿ ಹಿಡಿದು ಹೊರಟರು. ಅದರಲ್ಲಿ ಒಂದು 51 ಪೆಗಾಸಿ, 50 ಜ್ಯೋತಿರ್ವರ್ಷ ದೂರದ್ದು. ಮೇಯರ್ ಆ ದಿನಗಳಲ್ಲಿ ಹವಾಯಿಯಲ್ಲಿದ್ದರು. ದೂರದರ್ಶಕದ ಬಳಿ ಇದ್ದವರು ಕೆಲೋ. ನಕ್ಷತ್ರದ ವೇಗ ಸೆಕೆಂಡಿಗೆ 60 ಮೀಟರಿನಷ್ಟು ಏರಿಳಿಯುತ್ತಿತ್ತು, ಅದೂ 4.2 ದಿನಕ್ಕೊಮ್ಮೆ. ಕೆಲೋಗೆ ಮೊದಲು ಅನಿಸಿದ್ದು ತಾವು ಬರೆದ ಸಾಫ್ಟ್‌ವೇರಿನಲ್ಲಿ ದೋಷವಿದೆಯೆಂದು. ಎಲ್ಲವನ್ನೂ ತಿರುವಿ ಹಾಕಿದರೂ ದೋಷ ಸಿಗಲಿಲ್ಲ. ವಸಂತದಲ್ಲಿ ಆ ನಕ್ಷತ್ರ ಸೂರ್ಯನ ಹಿಂದೆ ಮರೆಯಾಯಿತು. ಅವರು ಪ್ರಕಟಣೆಗೆ ಓಡಲಿಲ್ಲ. ಜುಲೈನಲ್ಲಿ ನಕ್ಷತ್ರ ಮತ್ತೆ ಕಂಡಾಗ ಯಾವ ರಾತ್ರಿ ಎಷ್ಟು ವೇಗ ಇರಬೇಕೆಂದು ಮೊದಲೇ ಲೆಕ್ಕ ಹಾಕಿಟ್ಟುಕೊಂಡರು. ಜುಲೈ ಬಂತು, ಬಿಂದುಗಳು ಒಂದೊಂದಾಗಿ ಆ ರೇಖೆಯ ಮೇಲೆ ಕುಳಿತವು. 1995ರ ಅಕ್ಟೋಬರ್ 6ರಂದು ಫ್ಲಾರೆನ್ಸ್‌ನಲ್ಲಿ ಘೋಷಿಸಿದರು: ಗುರುವಿನ ಅರ್ಧದಷ್ಟು ತೂಕದ ಗ್ರಹ, ಅದರ ವರ್ಷ ನಾಲ್ಕು ದಿನದ್ದು. 2019ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈಗ ಅಮೆರಿಕದ ಜೆಫ್ ಮಾರ್ಸಿ ಮತ್ತು ಪಾಲ್ ಬಟ್ಲರ್ ಕಡೆ ನೋಡಿ. ಲಿಕ್ ವೀಕ್ಷಣಾಲಯದಲ್ಲಿ 1987ರಿಂದಲೇ ನಕ್ಷತ್ರಗಳ ರೋಹಿತಗಳನ್ನು ಸಂಗ್ರಹಿಸುತ್ತಿದ್ದರು. ವಿಷಾನಿಲದ ಬದಲು ಅಯೋಡಿನ್ ಆವಿ ಬಳಸಿದರು. ಅವರ ನಿಖರತೆ ಯಾರಿಗೂ ಕಡಿಮೆ ಇರಲಿಲ್ಲ. ಆದರೆ ಒಂದೊಂದು ರೋಹಿತದಿಂದ ವೇಗ ತೆಗೆಯಲು ಕಂಪ್ಯೂಟರ್ ಗಂಟೆಗಟ್ಟಲೆ ಓಡಬೇಕಿತ್ತು. ಗುರುವಿನಂಥ ಗ್ರಹಕ್ಕೆ ಹೇಗೂ ಹತ್ತಾರು ವರ್ಷದ ದತ್ತಾಂಶ ಬೇಕಲ್ಲ, ಅವಸರವೇನು ಎಂದುಕೊಂಡು ದತ್ತಾಂಶವನ್ನು ಪೇರಿಸಿಟ್ಟರು. ಮೇಯರ್–ಕೆಲೋ ಘೋಷಣೆ ಕೇಳಿದ ವಾರದೊಳಗೆ ಲಿಕ್‌ನಲ್ಲಿ ನಾಲ್ಕು ರಾತ್ರಿ ನೋಡಿ 51 ಪೆಗಾಸಿಯನ್ನು ಖಚಿತಪಡಿಸಿದರು. ಆಮೇಲೆ ಸಿಕ್ಕ ಸಿಕ್ಕ ಕಂಪ್ಯೂಟರುಗಳಲ್ಲೆಲ್ಲ ಹಳೆಯ ದತ್ತಾಂಶ ಓಡಿಸಿದಾಗ 1996ರ ಜನವರಿಯ ಹೊತ್ತಿಗೆ ಇನ್ನೆರಡು ಗ್ರಹ ಸಿಕ್ಕವು. ಅವುಗಳಲ್ಲಿ 70 ವರ್ಜಿನಿಸ್‌ನದು 117 ದಿನಕ್ಕೊಮ್ಮೆ ಸುತ್ತುವಂಥದು. ಅವುಗಳ ಗುರುತು ಆ ಹಳೆಯ ದತ್ತಾಂಶದಲ್ಲಿ ಆಗಲೇ ಕೂತಿತ್ತು.

ಜಿನೀವಾದವರಿಗೆ ಮೊದಲು ಸಿಕ್ಕಿದ್ದೇಕೆ? ಮೇಯರ್ ಗ್ರಹಗಳ ಪಾಠದಿಂದ ಬಂದವರಾಗಿರಲಿಲ್ಲ. ಅವರ ವೃತ್ತಿಯ ಬಹುಭಾಗ ಜೋಡಿ ನಕ್ಷತ್ರಗಳ ಅಧ್ಯಯನದಲ್ಲಿ ಕಳೆದಿತ್ತು. ಜೋಡಿ ನಕ್ಷತ್ರಗಳಲ್ಲಿ ಕೆಲವು ದಿನದಲ್ಲಿ ಸುತ್ತುವವೂ ಇವೆ, ಸಾವಿರಾರು ವರ್ಷ ತೆಗೆದುಕೊಳ್ಳುವವೂ ಇವೆ. ಅಂಥ ನೋಟದವರಿಗೆ ನಾಲ್ಕು ದಿನ ಎಂಬುದು ಅಸಂಭವವೆನಿಸಲಿಲ್ಲ. ಜತೆಗೆ ಕೆಲೋ ಬರೆದ ಸಾಫ್ಟ್‌ವೇರ್ ನಕ್ಷತ್ರದ ವೇಗವನ್ನು ದೂರದರ್ಶಕದ ಬುಡದಲ್ಲೇ, ಕೆಲವೇ ನಿಮಿಷಗಳಲ್ಲಿ ಹೇಳಿಬಿಡುತ್ತಿತ್ತು. ನೋಡಿದ ರಾತ್ರಿಯೇ ಅಚ್ಚರಿ ಕಣ್ಣಿಗೆ ಬೀಳುವ ವ್ಯವಸ್ಥೆ ಅದು.

ನನ್ನ ವಾದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ, ಅದನ್ನು ಬದಿಗೊತ್ತುವ ಹಾಗಿಲ್ಲ. ನಕ್ಷತ್ರಕ್ಕೆ ಅಂಟಿಕೊಂಡಂತೆ ಸುತ್ತುವ ಇಂಥ ‘ಬಿಸಿ ಗುರು’ಗಳು ಅಪರೂಪ. ಸೂರ್ಯನಂಥ ನೂರು ನಕ್ಷತ್ರಗಳಲ್ಲಿ ಒಂದಕ್ಕೆ ಇದ್ದರೆ ಹೆಚ್ಚು. ವಾಕರ್ ಮತ್ತು ಕ್ಯಾಂಪ್‌ಬೆಲ್ ನೋಡಿದ್ದು 21 ನಕ್ಷತ್ರ. ಅವರ ಮನಸ್ಸಿನಲ್ಲಿ ಯಾವ ಪೂರ್ವಗ್ರಹವೂ ಇಲ್ಲದಿದ್ದರೂ ಬಿಸಿ ಗುರು ಸಿಗುವ ಸಂಭವ ಕಡಿಮೆಯೇ ಇತ್ತು. ಹಾಗಾದರೆ ದೋಷ ನಂಬಿಕೆಯದೆಂದು ಹೇಳುವುದು ಸರಿಯೇ? ಸರಿ ಎನ್ನುತ್ತೇನೆ. 21 ನಕ್ಷತ್ರಗಳಷ್ಟನ್ನೇ ಏಕೆ ನೋಡಿದರು ಎಂಬುದೇ ಇಲ್ಲಿ ಮುಖ್ಯ. ಗ್ರಹ ಹುಡುಕುವವರಿಗೆ ವರ್ಷಕ್ಕೆ ಕೆಲವೇ ರಾತ್ರಿಗಳನ್ನು ಕೊಡುತ್ತಿದ್ದರು. ಹನ್ನೆರಡು ವರ್ಷದ ಸುತ್ತನ್ನು ಹಿಡಿಯುವ ಗುರಿ ಇಟ್ಟುಕೊಂಡರೆ ಆ ಕೆಲವೇ ರಾತ್ರಿಗಳನ್ನು ಕೆಲವೇ ನಕ್ಷತ್ರಗಳ ಮೇಲೆ ದೀರ್ಘಕಾಲ ಸುರಿಯುವುದು ಬುದ್ಧಿವಂತಿಕೆ. ಹತ್ತಿರದ ಗ್ರಹಗಳೂ ಇರಬಹುದೆಂದುಕೊಂಡಿದ್ದರೆ ನೂರಾರು ನಕ್ಷತ್ರಗಳನ್ನು ಸ್ವಲ್ಪ ಸ್ವಲ್ಪ ನೋಡುವ ಯೋಜನೆ ಹಾಕಬಹುದಿತ್ತು. ಯೋಜನೆಯ ಆಕಾರವೇ ನಂಬಿಕೆಯಿಂದ ಬಂದಿತ್ತು. ಸಿದ್ಧಾಂತಿಗಳದ್ದೂ ಅದೇ ಕಥೆ. ಗ್ರಹ ಹುಟ್ಟುವ ತಟ್ಟೆಯ ಅನಿಲ ಗ್ರಹವನ್ನೇ ಅದರ ಕಕ್ಷೆಯಿಂದ ಸರಿಸಬಹುದೆಂದು ಪೀಟರ್ ಗೋಲ್ಡ್‌ರೈಕ್ ಮತ್ತು ಸ್ಕಾಟ್ ಟ್ರೆಮೇನ್ 1980ರಲ್ಲೇ ಗಣಿತದಿಂದ ತೋರಿಸಿದ್ದರು. ಹಾಗಾದರೆ ಗುರುವಿನಂಥ ಗ್ರಹ ನಕ್ಷತ್ರದ ಮಡಿಲಲ್ಲೂ ಇರಬಹುದಲ್ಲ ಎಂದು ಯಾರೂ ದೂರದರ್ಶಕ ಕೇಳಿ ಅರ್ಜಿ ಹಾಕಲಿಲ್ಲ.

51 ಪೆಗಾಸಿಯ ಮೇಲೂ ಅನುಮಾನಗಳು ಬಂದವು, ಬರಬೇಕಿತ್ತು ಕೂಡ. ನಕ್ಷತ್ರವೇ ಉಬ್ಬಿ ಕುಗ್ಗುತ್ತಿದೆ, ಗ್ರಹವಿಲ್ಲ ಎಂದು ಕೆನಡಾದ ಡೇವಿಡ್ ಗ್ರೇ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಾದಿಸಿದರು. ಮತ್ತಷ್ಟು ನೋಡಿದ ಮೇಲೆ ಮರುವರ್ಷ ಅದೇ ಪತ್ರಿಕೆಯಲ್ಲಿ ತಮ್ಮ ವಾದ ನಿಲ್ಲುವುದಿಲ್ಲವೆಂದು ತಾವೇ ಬರೆದರು. 1999ರಲ್ಲಿ ಡೇವಿಡ್ ಶಾರ್ಬನೋ–ಟಿಮ್ ಬ್ರೌನ್ ತಂಡವೂ ಅವರೊಡನೆ ಸ್ಪರ್ಧೆಗಿದ್ದ ಗ್ರೆಗ್ ಹೆನ್ರಿ ತಂಡವೂ ಎಚ್‌ಡಿ 209458 ಎಂಬ ನಕ್ಷತ್ರದ ಮುಂದೆ ಅದರ ಬಿಸಿ ಗುರು ಹಾದುಹೋಗುವುದನ್ನೇ ಕಂಡವು. ಬೆಳಕು ಶೇಕಡಾ ಒಂದೂವರೆಯಷ್ಟು ಇಳಿಯಿತು, ಲೆಕ್ಕ ಹೇಳಿದ ಹೊತ್ತಿಗೇ. ರೋಹಿತ ಹೇಳಿದ್ದನ್ನು ಗ್ರಹಣ ಒಪ್ಪಿತು. ಸ್ಟ್ರೂವ ಬರೆದಿದ್ದ ಎರಡನೆಯ ಸಾಲೂ ಅಂದು ನಿಜವಾಯಿತು.

ಶೇಕಡಾ ಒಂದೂವರೆ ಎಂಬುದು ಗುರುವಿನ ಗಾತ್ರಕ್ಕೆ. ಭೂಮಿಯಂಥ ಗ್ರಹ ಸೂರ್ಯನಂಥ ನಕ್ಷತ್ರದ ಮುಂದೆ ಹಾದರೆ ಹತ್ತು ಲಕ್ಷದಲ್ಲಿ 84 ಪಾಲು ಬೆಳಕಷ್ಟೇ ಕುಗ್ಗುತ್ತದೆ. ಇದನ್ನು ಅಳೆಯಬಹುದೆಂದು 1980ರ ದಶಕದಿಂದ ಹೇಳುತ್ತ ಬಂದವರು ನಾಸಾದ ವಿಲಿಯಂ ಬೊರುಕಿ. ಅಪೊಲೊ ನೌಕೆಗಳ ಶಾಖರಕ್ಷಾಕವಚದ ಕೆಲಸ ಮಾಡಿದ್ದ ಭೌತವಿಜ್ಞಾನಿ. ಬಾಹ್ಯಾಕಾಶ ನೌಕೆಯಿಂದ ಇದನ್ನು ಅಳೆಯುವ ಅವರ ಪ್ರಸ್ತಾವವನ್ನು ನಾಸಾ 1992, 1994, 1996, 1998ರಲ್ಲಿ, ಒಟ್ಟು ನಾಲ್ಕು ಸಲ ತಿರಸ್ಕರಿಸಿತು. ಸಾವಿರಾರು ನಕ್ಷತ್ರಗಳನ್ನು ಒಟ್ಟಿಗೆ ಅಳೆಯಲಾಗದು ಎಂದಾಗ ಲಿಕ್ ವೀಕ್ಷಣಾಲಯದಲ್ಲಿ ಚಿಕ್ಕ ದೂರದರ್ಶಕವೊಂದನ್ನು ಕಟ್ಟಿ ಅಳೆದು ತೋರಿಸಿದರು. ನೌಕೆಯ ನಡುಕದ ನಡುವೆ ಇಷ್ಟು ಸಣ್ಣ ವ್ಯತ್ಯಾಸ ಕಾಣದು ಎಂದಾಗ ಪ್ರಯೋಗಶಾಲೆಯಲ್ಲೇ ಒಂದು ಆಕಾಶ ಮಾಡಿದರು: ಲೋಹದ ಹಾಳೆಯಲ್ಲಿ ಸೂಕ್ಷ್ಮ ರಂಧ್ರಗಳು, ಹಿಂದಿನಿಂದ ಬೆಳಕು, ಕೆಲವು ರಂಧ್ರಗಳಿಗೆ ಅಡ್ಡಲಾಗಿ ಬಲು ತೆಳುವಾದ ತಂತಿ. ತಂತಿಗೆ ಸ್ವಲ್ಪ ವಿದ್ಯುತ್ ಹರಿಸಿದರೆ ಅದು ಬಿಸಿಯಾಗಿ ಉಬ್ಬುತ್ತದೆ. ಆ ಉಬ್ಬಿದ ಅಂಚು ಮರೆಮಾಡುವಷ್ಟು ಬೆಳಕೇ ಭೂಮಿಯಂಥ ಗ್ರಹ ಮರೆಮಾಡುವ ಬೆಳಕು. ಇಡೀ ಉಪಕರಣವನ್ನು ನೌಕೆಯಂತೆ ನಡುಗಿಸಿ, ಆ ಕುಗ್ಗುವಿಕೆಯನ್ನು ಸಿಸಿಡಿ ಕ್ಯಾಮೆರಾದಿಂದ ಅಳೆದು ಮುಂದಿಟ್ಟರು. ಕೆಪ್ಲರ್ ಎಂದು ಹೆಸರಾದ ಆ ಯೋಜನೆಗೆ 2001ರಲ್ಲಿ ಒಪ್ಪಿಗೆ ಬಂತು, 2009ರ ಮಾರ್ಚ್‌ನಲ್ಲಿ ಅದು ಹಾರಿತು. ಒಂದೇ ಆಕಾಶದ ತುಂಡಿನಲ್ಲಿ ಸುಮಾರು 1,50,000 ನಕ್ಷತ್ರಗಳನ್ನು ದಿಟ್ಟಿಸಿತು. 2018ರಲ್ಲಿ ಇಂಧನ ಮುಗಿಯುವ ಹೊತ್ತಿಗೆ 2,600ಕ್ಕೂ ಹೆಚ್ಚು ಗ್ರಹಗಳನ್ನು ಕೊಟ್ಟಿತ್ತು. ಹೊರಗ್ರಹಗಳ ಇತಿಹಾಸದಲ್ಲಿ ಒಬ್ಬರನ್ನೇ ಆರಿಸು ಎಂದರೆ ನಾನು ಬೊರುಕಿಯನ್ನು ಆರಿಸುತ್ತೇನೆ. ತಿರಸ್ಕಾರದ ಪತ್ರ ಬಂದಾಗಲೆಲ್ಲ ಅದರಲ್ಲಿದ್ದ ಆಕ್ಷೇಪವನ್ನು ಒಂದು ಪ್ರಯೋಗವಾಗಿ ಮಾರ್ಪಡಿಸಿದ ಇನ್ನೊಬ್ಬರನ್ನು ನಾನು ಕಾಣೆ.

2025ರ ಸೆಪ್ಟೆಂಬರ್‌ನಲ್ಲಿ ನಾಸಾದ ಪಟ್ಟಿಯಲ್ಲಿ ಖಚಿತ ಹೊರಗ್ರಹಗಳ ಸಂಖ್ಯೆ 6,000 ಮುಟ್ಟಿತು. ಕೆಪ್ಲರ್ ತೋರಿಸಿದಂತೆ ಎಲ್ಲಕ್ಕಿಂತ ಸಾಮಾನ್ಯವಾದ ಗ್ರಹಗಳಲ್ಲಿ ಒಂದು ಜಾತಿ ಭೂಮಿಗಿಂತ ದೊಡ್ಡದು, ನೆಪ್ಚೂನ್‌ಗಿಂತ ಸಣ್ಣದು. ಆ ಜಾತಿಯದು ನಮ್ಮ ಸೌರಮಂಡಲದಲ್ಲಿ ಒಂದೂ ಇಲ್ಲ. ಬೆಲ್ಜಿಯಂನ ಮಿಕಾಯೆಲ್ ಜಿಯೊನ್ ಅವರ ಸಾಹಸ ಇದಕ್ಕೆ ಸೇರಿಸಬೇಕಾದದ್ದು. ಗುರುವಿಗಿಂತ ತುಸುವೇ ದೊಡ್ಡದಾದ, ಮಂಕು ಕೆಂಪು ನಕ್ಷತ್ರಗಳನ್ನು ನೋಡಿ ಏನು ಸಿಕ್ಕೀತು ಎಂದು ಬಹುಮಂದಿ ಅಂದುಕೊಂಡಿದ್ದಾಗ, ಚಿಲಿಯ ಲಾ ಸಿಲ್ಲಾದ 60 ಸೆಂಟಿಮೀಟರ್ ದೂರದರ್ಶಕವನ್ನು ಅವರು ಅವುಗಳತ್ತಲೇ ತಿರುಗಿಸಿದರು. 40 ಜ್ಯೋತಿರ್ವರ್ಷ ದೂರದ ಟ್ರ್ಯಾಪಿಸ್ಟ್–1ರ ಸುತ್ತ 2016ರಲ್ಲಿ ಮೂರು, 2017ರಲ್ಲಿ ಒಟ್ಟು ಏಳು ಗ್ರಹ ಸಿಕ್ಕವು, ಎಲ್ಲವೂ ಭೂಮಿಯ ಗಾತ್ರದ ಆಸುಪಾಸಿನವು. ಆ ಮೊದಲ ಪ್ರಬಂಧದಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ವಿಜ್ಞಾನಿಯ ಹೆಸರೂ ಇದೆ. ಲಡಾಖಿನ ಹಾನ್ಲೆಯಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕದ ವೀಕ್ಷಣೆಗಳು ಅದಕ್ಕೆ ಸೇರಿದ್ದವು. ಆ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ. ಬರ್ನಾರ್ಡ್ ನಕ್ಷತ್ರದ ಸುತ್ತಲೂ 2024 ಮತ್ತು 2025ರಲ್ಲಿ ನಾಲ್ಕು ಪುಟ್ಟ ಗ್ರಹಗಳು ಖಚಿತವಾದವು. ಎಲ್ಲವೂ ಭೂಮಿಗಿಂತ ಹಗುರ, ಕೆಲವೇ ದಿನಗಳಲ್ಲಿ ಸುತ್ತುವಂಥವು. ವಾನ್ ಡೆ ಕ್ಯಾಂಪ್ ಕಂಡೆನೆಂದದ್ದಕ್ಕೂ ಇವಕ್ಕೂ ಏನೇನೂ ಸಂಬಂಧವಿಲ್ಲ.

ಇಂದಿನ ಹುಡುಕಾಟ ಗ್ರಹದಿಂದ ಜೀವದ ಕಡೆಗೆ ತಿರುಗಿದೆ. ಗ್ರಹಣದ ಹೊತ್ತಿನಲ್ಲಿ ನಕ್ಷತ್ರದ ಬೆಳಕು ಗ್ರಹದ ವಾಯುಮಂಡಲದ ಅಂಚಿನ ಮೂಲಕ ಸೋಸಿ ಬರುತ್ತದೆ, ಅಲ್ಲಿನ ಅನಿಲಗಳ ಗುರುತು ಅದರಲ್ಲಿರುತ್ತದೆ ಎಂದು ಸಾರಾ ಸೀಗರ್ ಮತ್ತು ದಿಮಿತರ್ ಸಸೆಲೊವ್ 2000ದಲ್ಲಿ ಲೆಕ್ಕ ಹಾಕಿ ತೋರಿಸಿದರು. ಶಾರ್ಬನೋ ತಂಡ ಎರಡು ವರ್ಷದಲ್ಲಿ ಸೋಡಿಯಂ ಕಂಡಿತು. ಸೀಗರ್ ಜತೆ ಸಂಶೋಧನೆ ಮಾಡಿದ ನಿಕ್ಕು ಮಧುಸೂದನ್ ಇಂದು ಕೇಂಬ್ರಿಜ್‌ನಲ್ಲಿದ್ದಾರೆ. ವಾರಾಣಸಿಯಲ್ಲಿ ಇಂಜಿನಿಯರಿಂಗ್ ಓದಿದವರು. 124 ಜ್ಯೋತಿರ್ವರ್ಷ ದೂರದ ಕೆ2–18ಬಿ ಎಂಬ ಗ್ರಹದಲ್ಲಿ ಮಿಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಇವೆಯೆಂದು ಅವರ ತಂಡ 2023ರಲ್ಲಿ ವರದಿ ಮಾಡಿತು. 2025ರ ಏಪ್ರಿಲ್‌ನಲ್ಲಿ, ಭೂಮಿಯಲ್ಲಿ ಸಮುದ್ರದ ಸೂಕ್ಷ್ಮಜೀವಿಗಳು ಬಿಡುಗಡೆ ಮಾಡುವ ಡೈಮಿಥೈಲ್ ಸಲ್ಫೈಡ್ ಅಥವಾ ಅದರ ದಾಯಾದಿ ಅನಿಲದ ಗುರುತೂ ಕಂಡಿದೆ ಎಂದಿತು. ಭಾರತ ಮೂಲದ ವಿಜ್ಞಾನಿ ಅನ್ಯಲೋಕದ ಜೀವ ಕಂಡರು ಎಂಬ ಧಾಟಿಯ ಶೀರ್ಷಿಕೆಗಳು ಇಲ್ಲೆಲ್ಲ ಹರಿದಾಡಿದವು. ತಂಡ ಹೇಳಿದ್ದು, ಸಾಕ್ಷ್ಯದ ಗಟ್ಟಿತನ ಅಳೆಯುವ ಸಂಖ್ಯಾಶಾಸ್ತ್ರದ ಮಾನದಲ್ಲಿ, ಮೂರು ಸಿಗ್ಮಾ ಮಟ್ಟದ ಸುಳಿವು ಎಂದು. ಖಚಿತ ಎನ್ನಲು ಐದು ಬೇಕು, ಇನ್ನಷ್ಟು ವೀಕ್ಷಣೆ ಆಗಬೇಕು ಎಂದು ಅವರೇ ಸೇರಿಸಿದ್ದರು. ಆ ಮಾತು ಶೀರ್ಷಿಕೆಯೊಳಗೆ ಹೋಗಲಿಲ್ಲ.

ಬೇರೆ ತಂಡಗಳು ಅದೇ ದತ್ತಾಂಶವನ್ನು ಬೇರೆ ವಿಧಾನದಲ್ಲಿ ಬಗೆದು ನೋಡಿದಾಗ ಆ ಗುರುತು ಗಟ್ಟಿಯಾಗಿ ನಿಲ್ಲಲಿಲ್ಲ. ಇದೇ ಅನಿಲ 67ಪಿ ಎಂಬ ಧೂಮಕೇತುವಿನಲ್ಲೂ ಸಿಕ್ಕಿದೆ. ಅಲ್ಲಿ ಯಾವ ಸಮುದ್ರವೂ ಇಲ್ಲ, ಸೂಕ್ಷ್ಮಜೀವಿಯೂ ಇಲ್ಲ. ಕೆ2–18ಬಿ ಭೂಮಿಯ ಎಂಟೂವರೆ ಪಟ್ಟು ತೂಕದ್ದು, ಎರಡೂವರೆ ಪಟ್ಟಿಗೂ ಹೆಚ್ಚು ಅಗಲದ್ದು. ನಮ್ಮಲ್ಲಿ ಇಲ್ಲದ ಆ ಮಧ್ಯಮ ಜಾತಿಗೆ ಸೇರಿದ ಗ್ರಹ. ಅದರೊಳಗೆ ಸಾಗರವಿದೆಯೋ, ಕರಗಿದ ಬಂಡೆಯಿದೆಯೋ, ಬರೀ ದಟ್ಟ ಅನಿಲವೋ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. ಭೂಮಿಯ ಸಮುದ್ರದಿಂದ ಕಲಿತ ಗುರುತನ್ನು ಆ ಗ್ರಹದ ಮೇಲೆ ಹೊರಿಸುವುದು, ಗುರುವಿನ ಹನ್ನೆರಡು ವರ್ಷವನ್ನು ಎಲ್ಲ ನಕ್ಷತ್ರಗಳ ಮೇಲೆ ಹೊರಿಸಿದ್ದಕ್ಕಿಂತ ಬೇರೆಯಲ್ಲ. ಮಧುಸೂದನ್ ಅವರ ಪ್ರತಿಪಾದನೆಯನ್ನು ಅಟ್ಲಾಂಟಾದ ಸಭೆ ನಡೆಸಿಕೊಂಡಂತೆ ನಡೆಸಿಕೊಳ್ಳಬೇಕು: ಗೌರವದಿಂದ ಕೇಳಬೇಕು, ಬೇರೆ ಉಪಕರಣದಿಂದ, ಬೇರೆ ಕೈಗಳಿಂದ ಅಳೆಯಬೇಕು, ಅವರು ಎಲ್ಲಿಯವರು ಎಂಬುದನ್ನು ಲೆಕ್ಕಕ್ಕೆ ತರಬಾರದು.

ನಮ್ಮ ಹೆಮ್ಮೆಗೆ ಜಾಗ ಬೇಕಿದ್ದರೆ ಅದು ಮೌಂಟ್ ಅಬುವಿನಲ್ಲಿದೆ. ಅಲ್ಲಿನ ಗುರುಶಿಖರದ 1.2 ಮೀಟರ್ ದೂರದರ್ಶಕಕ್ಕೆ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಅಭಿಜಿತ್ ಚಕ್ರವರ್ತಿ ತಂಡ ‘ಪರಸ್’ ಎಂಬ ರೋಹಿತದರ್ಶಕ ಕಟ್ಟಿದೆ. ಡಿಗ್ರಿಯ ನೂರನೆಯ ಒಂದು ಭಾಗವೂ ಉಷ್ಣತೆ ಏರುಪೇರಾಗದಂತೆ ನಿರ್ವಾತದಲ್ಲಿ ಇಟ್ಟ ಉಪಕರಣ. 2018ರಲ್ಲಿ ಅದು ಸುಮಾರು 600 ಜ್ಯೋತಿರ್ವರ್ಷ ದೂರದ, 19.5 ದಿನಕ್ಕೊಮ್ಮೆ ಸುತ್ತುವ ಗ್ರಹವೊಂದರ ತೂಕವನ್ನು ಭೂಮಿಯ 27 ಪಟ್ಟು ಎಂದು ಅಳೆದು ಅದನ್ನು ಖಚಿತಪಡಿಸಿತು. ಈಗ ಅಲ್ಲೇ 2.5 ಮೀಟರ್ ದೂರದರ್ಶಕಕ್ಕೆ ಪರಸ್–2 ಜೋಡಿಸಿ ಕೆಲಸ ಮುಂದುವರಿಸಿದ್ದಾರೆ. ಆ ತಂಡಕ್ಕೂ, ಹೊಸಕೋಟೆಯಲ್ಲಿ ಕೂತು ಹಾನ್ಲೆಯ ರಾತ್ರಿಗಳನ್ನು ನಡೆಸುವವರಿಗೂ ಬೇಕಾದದ್ದು ವರ್ಷಕ್ಕೆ ಹತ್ತು ರಾತ್ರಿಯ ಭಿಕ್ಷೆಯಲ್ಲ, ನಾಲ್ಕಾರು ವರ್ಷದ ಖಾತರಿ. ದೂರದರ್ಶಕದ ಸಮಯ ಹಂಚುವ ಸಮಿತಿಗಳಲ್ಲಿ, ಹಣ ಮಂಜೂರು ಮಾಡುವ ಇಲಾಖೆಗಳಲ್ಲಿ ಕೂತವರಲ್ಲಿ ನನ್ನ ವಿನಂತಿ ಇದು: ಯುವ ವಿಜ್ಞಾನಿಯೊಬ್ಬರು ಯಾರೂ ನೋಡದ ಜಾತಿಯ ನಕ್ಷತ್ರಗಳ ಪಟ್ಟಿ ಹಿಡಿದು ಬಂದರೆ, ಅಲ್ಲಿ ಗ್ರಹ ಇರುವುದಕ್ಕೆ ಪುರಾವೆಯೇನು ಎಂದು ಕೇಳಿ ವಾಪಸು ಕಳಿಸಬೇಡಿ. ಅಳತೆ ಎಷ್ಟು ನಿಖರ ಎಂದು ಕೇಳಿ, ಉತ್ತರ ಸರಿಯಿದ್ದರೆ ರಾತ್ರಿಗಳನ್ನು ಕೊಡಿ. ಕೊನೆಗೆ ಏನೂ ಸಿಗದಿದ್ದರೆ ಆ ವರದಿಯನ್ನೂ ಅಚ್ಚು ಹಾಕಿಸಿ.